ದಸ್ತಿಯ ಇನ್ನೊಂದು ತುದಿ

ದಸ್ತೀ, ದಸ್ತಿ ಲೇಲೋ, ದಸ್ತೀ — ಕೆಳಗ ಸುಲ್ತಾನ್ ಬಜಾರದಾಗ ಯಾಂವೋ ಕರವಸ್ತ್ರ ಮಾರಾಂವ ಒದರಾಕತ್ತಾನ, ಅವನ ದನಿ ಮೆಟ್ಟಲ ಏರಿ ಮ್ಯಾಲ ಬರತೈತಿ, ನನಗ ಇಳದು ಹೋಗಾಕ ಆಗವಲ್ದು, ನಡುವ ಕುಂತೀನಿ, ಮಣಕಾಲ ನೋಡೋ ಡಾಕ್ಟರಮ್ಮ ಮಾಳಗಿ ಮ್ಯಾಲ ದವಾಖಾನಿ ಯಾಕ ಇಟ್ಟಾಳೋ, ಏರೂಮುಂದ ಸುಮ್ಮನಿರತೈತಿ, ಇಳಿಯೂಮುಂದ ಚಿಪ್ಪಿನ ಹಿಂದ ಯಾರೋ ಉಳಿ ಹಾಕಿ ಮೀಟಿದಂಗ — ಮೊಬೈಲ್‌ದಾಗ ಕೆಂಪ ಚುಕ್ಕಿ ಬಂತು, ರೆಕಾರ್ಡ್ ಆಗಾಕತ್ತೈತಿ, ಹಾಂ, ಕೇಳ್ರಿ, ಈ ಪರಮೇಶಗ, ಅಂದ್ರ ನನಗ, ಅರಳುಮರಳು ಅಂತ ಓಟದ ಗ್ರೂಪಿನ್ಯಾಗ ಹಾಕೀರಲ್ಲ, ಸತೀಶ್ಯಾ, ನಿನಗ ಹೇಳೋದು, ಚಂದ್ರಹಾಸ ನನ್ನ ಬಲಕ್ಕ ಓಡತಿದ್ದ ಅಂತ ಫೋಟೋ ಬ್ಯಾರೆ ಕಳಸ್ತಿ, ಫೋಟೋ ತಗದಾಂವ ಎದುರಿಗೆ ನಿಂತಿದ್ದ, ಹುಚ್ಚಪ್ಯಾಲಿ, ಅವನ ಬಲ ಅಂದ್ರ ನನ್ನ ಎಡ, ಎಡಕ್ಕ ಓಡತಿದ್ದ ಅಂವಾ, ಸಣ್ಣವನಿದ್ದಾಗ ಮೈಲಿಬ್ಯಾನಿ ಬಂದು ಎರಡೂ ಕಣ್ಣು ಹೋದಾಂವ, ನನ್ನ ಎಡಗೈಯಾಗ ದಸ್ತಿದೊಂದು ತುದಿ, ಅವನ ಬಲಗೈಯಾಗ ಇನ್ನೊಂದು, ಹುಸೇನ್ ಸಾಗರದ ದಂಡಿಗುಂಟ ಓಡಿದ್ದೇ ಓಡಿದ್ದು — ಪರ್ಮ್ಯಾ, ಎದುರಿಗೆ ಏನೈತೋ, ನೀರೋ ಚಂದ್ರಾ, ನೀರಿನ ವಾಸನಿ ನನಗೂ ಬರತೈತಿ, ತೆಗ್ಗು ಎಲ್ಲೈತಿ ಹೇಳು ಮಗನ, ಅಂತಿದ್ದ, ನಗೂಮುಂದ ದಸ್ತಿ ನಡಗತಿತ್ತು, ನಕ್ಕದ್ದು ನನ್ನ ಬೆರಳಿಗೆ ಗೊತ್ತಾಗತಿತ್ತು.

ಈ ಡಾಕ್ಟರಮ್ಮ ಹರ್ಷದಾ, ಮೈಸೂರಿನ ಹುಡುಗಿ, ಮೊದಲನೇ ದಿನ ಮಂಡಿ ತೋರ್ಸಿ ಅಂಕಲ್ ಅಂದಳು, ಮಂಡಿ ಅಂದ್ರ ಹೈದರಾಬಾದಿನ್ಯಾಗ ಬಾರ್ಕಸ್‌ಗೆ ಹೋಗಿ ಪರಾತದಾಗ ತಿನ್ನೋದವ್ವ, ಅನ್ನ ಮಾಂಸದ್ದು, ಇದು ಮಣಕಾಲ ಅಂದೆ, ನಕ್ಕಳು, ಒತ್ತಿ ನೋಡಿದಳು, ಜಾಸ್ತಿ ಓಡಿದೀರಾ ಇತ್ತೀಚೆಗೆ, ಹೌದವ್ವ ಓಡೇನಿ, ಅಂವಾ ಹೋದಮ್ಯಾಲ ಅವನ ಪಾಲಿಂದೂ ನಾನಾ ಓಡೇನಿ, ಒಂದ ಸುತ್ತು ನಂದು, ಒಂದ ಸುತ್ತು ಅವಂದು, ಇದಕ್ಕೆ ರನ್ನರ್ಸ್ ನೀ, ಓಟಗಾರರ ಮಂಡಿನೋವು, ಅಂತಾರೆ ಅಂಕಲ್, ನೋವು ಚಿಪ್ಪಿನ ಹಿಂದೆ, ಆದ್ರೆ ತಪ್ಪು ಮಂಡೀದಲ್ಲ, ಎಡ ಸೊಂಟದ ಪಕ್ಕದ ಸ್ನಾಯು ಸೋತಿದೆ, ಅದು ಹೊರಬೇಕಾದ ಭಾರ ಚಿಪ್ಪಿನ ಮೇಲೆ ಬೀಳ್ತಿದೆ — ಅಳೋದು ಒಬ್ಬರು, ಸೋತದ್ದು ಇನ್ನೊಬ್ಬರು, ಮೈಯಾಗೂ ಹಿಂಗಾ ಏನು, ಬಲಮಗ್ಗಲಾಗಿ ಮಲಗಿ ಎಡಗಾಲ ಎತ್ತೋದು, ಕನ್ನಡಿ ಮುಂದ ಸಣ್ಣ ಹಲಗಿ ಮ್ಯಾಲಿಂದ ಸಾವಕಾಶ ಕಾಲ ಇಳಿಸೋದು, ಮಣಕಾಲ ಒಳಗ ಬಾಗಬಾರದು, ಓಟ ಕಡಿಮಿ, ಹೆಜ್ಜಿ ಗಿಡ್ಡ, ಎಲ್ಲಾ ಮಾಡೇನಿ, ಒಂದು ಬಿಟ್ಟು, ಅದೊಂದು ಆಗವಲ್ದು — ಇವತ್ತ ಓಡೋ ಮಿಷಿನ್ ಮ್ಯಾಲ ನಿಲ್ಲಿಸಿ ಹಿಂದಿನಿಂದ ಮೊಬೈಲ್‌ದಾಗ ಹಿಡದು ತೋರಿಸಿದಳು, ನೋಡಿ ಅಂಕಲ್ ಅಂದಳು, ನೋಡಿದೆ, ಬಲಗೈ ಛಂದಾಗಿ ಹಿಂದ ಮುಂದ ಆಡತೈತಿ, ಎಡಗೈ ಮಾತ್ರ ಮುಷ್ಟಿ ಕಟಗೊಂಡು ಬಾಜೂಕ ಚಾಚಿ ನಿಂತೈತಿ, ಮೈ ಎಡಕ್ಕ ವಾಲೇತಿ, ಯಾರ ಕಿವಿಯಾಗೋ ತೆಗ್ಗು ಐತಿ ಅಂತ ಹೇಳಿದಂಗ, ಎಡಗೈಲಿ ಏನು ಹಿಡ್ಕೊಂಡಿದ್ದೀರಾ, ಅಂದಳು, ಏನಿಲ್ಲವ್ವ, ಮುಷ್ಟಿ ಬಿಚ್ಚಿ ತೋರಿಸಿದೆ, ಏನೂ ಇದ್ದಿಲ್ಲ.

ಕೇಳಿದ್ಯೇನೋ ಸತೀಶ್ಯಾ, ಎಡಕ್ಕ, ಫೋಟೋ ಸುಳ್ಳ ಹೇಳತೈತಿ, ಟೊಂಕ ಹೇಳಂಗಿಲ್ಲ — ಕೈ ಸಡಿಲ ಬಿಟ್ಟು ಓಡಿ ಅಂಕಲ್, ಇಲ್ಲಾಂದ್ರೆ ವಾಲೋದು ನಿಲ್ಲಲ್ಲ, ನೋವೂ ಹೋಗಲ್ಲ, ಓಡೋದೇ ಬಿಡಬೇಕಾಗತ್ತೆ, ಖರೇನ ಹೇಳತಾಳ ಹುಡುಗಿ, ಆದ್ರ ಕೈ ಬಿಟ್ಟರ ಅಂವಾ ಎಲ್ಲಿ ಹಿಡಕೋಬೇಕು, ಬಿಡಲಿಲ್ಲಂದ್ರ ಆ ಕೆರಿದಂಡಿಗೆ ನಾ ಹೆಂಗ ಹೋಗಬೇಕು, ಅವನ ಕೂಡ ಮಾತಾಡಾಕ ನನಗ ಬ್ಯಾರೆ ಜಾಗಾ ಎಲ್ಲೈತಿ — ಮತ್ತೊಮ್ಮಿ ಮಿಷಿನ್ ಮ್ಯಾಲ ಹತ್ತಿದೆ, ಬಿಟ್ಟೆ, ಬಿಟ್ಟೇಬಿಟ್ಟೆ, ಕೈ ಆಡಿತು, ಒಂದೆರಡು ಹೆಜ್ಜಿ ನೋವಾ ಇಲ್ಲ, ನೋವಿಲ್ಲದ್ದಕ್ಕ ಅಳು ಬಂತು, ಸೂಪರ್ ಅಂಕಲ್ ಅಂದಳು ಹುಡುಗಿ, ಸೂಪರ್ ಅಂತ — ಕೆಳಗ ಇನ್ನೂ ಒದರಾಕತ್ತಾನ, ದಸ್ತೀ, ಆವತ್ತ ಮುಂಜಾನೆನೂ ದಸ್ತಿ ಕೈಗೆ ಸುತ್ತಿಕೊಂಡು ಅವನ ಬಾಗಲಾಗ ನಿಂತಿದ್ದೆ, ಚಳಿ, ಏ ಚಂದ್ರಾ, ಹೊರಗ ಬಾರೋ, ಬೂಟ ಸಿಗಲಿಲ್ಲೇನು, ಬಾಗಲಾ ತಗದಾಕಿ ಸಾವಿತ್ರಿ, ಅವನ ಹೆಂಡತಿ, ನನ್ನ ಕೈಯಾಗಿಂದ ನೇತಾಡೋ ತುದಿ ನೋಡಿದಳು, ಅದನ್ನ ಹಿಡಕೊಂಡು ಒಳಗ ನಡದಳು, ಕಣ್ಣಿಲ್ಲದಾಂವನ್ನ ಕರಕೊಂಡು ಹೋದಂಗ ನನ್ನ ಕರಕೊಂಡು ಹೋದಳು, ಅಂವಾ ಮಲಗಿದಲ್ಲಿಗೆ, ರಾತ್ರಿ ನಿದ್ದಿಯಾಗ ಹೋಗಿದ್ದ — ಅದಾದಮ್ಯಾಲ ಆ ಮನಿಗೆ ಹೋಗಾಕ ನನಗ ಕಾಲ ಬಂದಿಲ್ಲ, ನೀವರ ಹೋಗ್ರಿ, ಯಾರಾರ ಹೋಗಿ ಆಕಿಗೆ ಇದನ್ನ ಕೇಳಸ್ರಿ, ಪರಮೇಶ ಇವತ್ತ ಕೈ ಬಿಟ್ಟ ಅಂತ, ಬೇಕಂತ ಬಿಟ್ಟದ್ದಲ್ಲ, ಮಣಕಾಲಿನ ಸಲುವಾಗಿ ಅಂತ, ಸತೀಶ್ಯಾ, ನೀನಾ ಮುಟ್ಟಸು, ಇದ್ದದ್ದು ಇದ್ದಂಗ ಮುಟ್ಟಸು, ಎಡಕ್ಕ ಅಂತ ಹೇಳು — ದಸ್ತೀ — ಇಳೀತೀನಿ, ಒಂದೊಂದಾ ಮೆಟ್ಟಲ, ಇಳೀತೀನಿ — ಅಂವಾ ಹಿಡಿಯೋ ಆ ತುದಿ, ಆವತ್ತಿಂದ ಆಕಿ ಕೈಯಾಗೈತಲ್ಲ — ಆ ತುದಿ —