ತೆಗೆ

ಆ ಬೆರಳಿನ ಉಗುರು ನಡುವೆ ಸೀಳಿದೆ, ಸೀಳಿನಲ್ಲಿ ಸುಣ್ಣವೋ ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳೋ ಬೆಳ್ಳಗೆ ಕೂತಿದೆ, ಮೆಲ್ಲಮೆಲ್ಲಗೆ ಮೌಸಿನ ಮೇಲೆ ಇಳಿಯುತ್ತಿದೆ, ಟಿಕ್ — ಅಯ್ಯೋ ಸಾರ್, ಏನು ಮಾಡಿದಿರಿ, ಅನ್ನುವಷ್ಟರಲ್ಲಿ ಪರದೆಯ ಮೇಲಿದ್ದ ಪತ್ರ ಮಾಯ, ಯಾರೋ ಕದಿರಪ್ಪ ಅನ್ನುವವರು ಬರೆದದ್ದು, ಈಗಿತ್ತು ಈಗಿಲ್ಲ, ಸುಬ್ಬರಾಯಪ್ಪನವರು ನನ್ನ ಕಡೆ ತಿರುಗಿ, ನೋಡ್ದಾ ಮಧುಶ್ರೀ, ಪ್ರತಿ ಸಲಾನೂ ಇಂಗೇ ಕಣಮ್ಮ, ತೆಗ್ದೆ ಅಂದ್ರೆ ಒಳ್ಗೆ ಏನೂ ಇರಲ್ಲ, ಖಾಲಿ ಕಾಗದ ಯಾಕಮ್ಮ ಕಳಿಸ್ತಾರೆ ಜನ, ಅನ್ನುತ್ತಾರೆ. ತೆಗ್ದೆ. ತೆರೆದೆ ಅಂತ ಅವರ ಅರ್ಥ, ತೆಗೆದುಹಾಕು ಅಂತ ನನ್ನ ಅರ್ಥ, ಆ ಕೆಂಪು ಬಟನ್ ಮೇಲೆ ತೆಗೆ ಅನ್ನುವ ಎರಡಕ್ಷರ ಬರೆದವಳು ನಾನೇ, ಆರು ತಿಂಗಳ ಹಿಂದೆ, ರಾಬರ್ಟ್‌ಸನ್‌ಪೇಟೆಯ ಮಹಡಿ ಮೇಲಿನ ಆಫೀಸಿನಲ್ಲಿ, ಬೋಂಡಾ ತಿನ್ನುತ್ತಾ.

ಎಷ್ಟು ಹೆಮ್ಮೆಯಿತ್ತು ನನಗೆ. ನಂದಿದುರ್ಗ ಲೈನಿನವರು ಅಂತ ಒಂದು ವೆಬ್‌ಸೈಟು ಬೇಕಮ್ಮ, ನಮ್ಮಪ್ಪ ಗಣಿಯೊಳಗೆ ಇಳಿದೋನು, ಗಣಿ ಕೂಲಿಯೋರ ಸಾಲುಮನೆ, ಆ ಲೈನ್ ಮನೆಯೋರೆಲ್ಲ ಎಲ್ಲೆಲ್ಲೋ ಚೆದುರಿ ಓಗವ್ರೆ, ಒಂದು ಕಾಗದ ಬರೆಯೋಕೆ ಜಾಗ ಇರ್ಲಿ, ಅಂತ ಕಾರ್ಖಾನೆಯಿಂದ ರಿಟೈರಾದ ಈ ಮನುಷ್ಯ ಕೇಳಿಕೊಂಡು ಬಂದಾಗ ನಮ್ಮ ಆಫೀಸಿನ ಯಜಮಾನರು ರವಿಕಿರಣ್ ಸಾರ್, ಮೆನುವೆಲ್ಲ ಕನ್ನಡದಲ್ಲಿ ಮಾಡು, ಬೇಡದ್ದನ್ನೆಲ್ಲ ಮುಚ್ಚಿಬಿಡು, ಇಲ್ಲದಿದ್ದರೆ ಮುಟ್ಟಿದ್ದೆಲ್ಲ ಕೆಡಿಸಿಕೊಂಡು ದಿನಾ ಫೋನ್ ಮಾಡ್ತಾರೆ, ಅಂದರು. ಸುಬ್ಬರಾಯಪ್ಪನವರು ಸೈಟಿನ ಒಳಗೆ ಬಂದರೆ ಎಡಗಡೆ ಕಾಣುತ್ತಿದ್ದ ಮೆನುವಿನ ಹದಿನೆಂಟು ಸಾಲಿನಲ್ಲಿ ಮೂರೇ ಉಳಿಸಿದೆ, ಪತ್ರಗಳು, ಚಿತ್ರಗಳು, ಹೊರಗೆ. ಪತ್ರದ ಕೆಳಗಿದ್ದ ಐದು ಬಟನ್ನುಗಳಲ್ಲಿ ಒಂದೇ ಉಳಿಸಿದೆ, ಓದಬೇಕಾದರೆ ಬರೆದವರ ಹೆಸರು ಒತ್ತಿದರಾಯಿತು, ಅದಕ್ಕೆ ಬೇರೆ ಬಟನ್ ಯಾಕೆ, ಒಂದು ಸಲ ತೋರಿಸಿಕೊಟ್ಟೆ, ಆಯ್ತಮ್ಮ ಅಂದರು, ನಾನು ರೈಲಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ. ಕಸದ ಬುಟ್ಟಿಯನ್ನೂ ಮುಚ್ಚಿದೆ, ಬೇಡದ್ದು ನೇರವಾಗಿ ಹೋಗಲಿ, ಎರಡೆರಡು ಸಲ ಯಾಕೆ, ಎಷ್ಟು ಚೊಕ್ಕವಾಗಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೊದಲು ಆ ಬಟನ್ ಮೇಲೆ ಅಳಿಸು ಅಂತಲೇ ಬರೆದಿದ್ದೆ. ರವಿಕಿರಣ್ ಸಾರ್ ನಕ್ಕು, ಲೇ, ಅಳಿಸು ಅಂದ್ರೆ ಯಾರನ್ನೋ ಅಳಿಸೋದು ಅಂದ್ಕೋತಾರೆ, ವಯಸ್ಸಾದೋರು, ಬೇರೆ ಪದ ಹಾಕೇ, ಅಂದರು. ಹಾಕಿದೆ. ಯಾರೂ ಅಳಬಾರದು ಅಂತ ಹಾಕಿದೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ದಿನಾ ಬೆಳಗಾದರೆ ಅಮ್ಮ ಒಂದೇ ಉಸಿರಿನಲ್ಲಿ ಕೂಗುತ್ತಾಳೆ, ಏಯ್ ಬಾಗ್ಲು ತೆಗಿಯೇ, ಆಸ್ಗೆ ತೆಗಿಯೇ, ನಾನು ಎದ್ದು ಬಾಗಿಲು ತೆರೆಯುತ್ತೇನೆ, ಹಾಸಿಗೆ ಎತ್ತುತ್ತೇನೆ, ಒಂದು ದಿನವೂ ತಪ್ಪು ತಿಳಿದವಳಲ್ಲ, ಇಪ್ಪತ್ತಾರು ವರ್ಷ ಆ ಮಾತು ಕಿವಿಗೆ ಬಿದ್ದರೂ ಅದರಲ್ಲಿ ಎರಡಿದೆ ಅಂತ ಕೇಳಿಸಲಿಲ್ಲವಲ್ಲ, ಕಿವಿಯಾ ಇದು, ಬೆಂಕಿ ಹಾಕಬೇಕು ಇದಕ್ಕೆ.

ಎಷ್ಟು ತೆಗೆದಿದ್ದೀರಿ ಸಾರ್, ಅಂತ ಕೇಳುತ್ತೇನೆ. ಬಂದಿದ್ದೆಲ್ಲಾನೂ ಕಣಮ್ಮ, ಬಾಕಿ ಇಟ್ಟೋನಲ್ಲ ನಾನು, ಮೊದಲ್ನೇ ಸಾಲು ಮೇಲೇ ಕಾಣ್ತದಲ್ಲ, ಅಷ್ಟೇ ಬರ್ದವ್ರೆ ಅಂದ್ಕೊಂಡು ಸುಮ್ನಿದ್ದೆ, ಈ ಪೆರುಮಾಳು ನೋಡು, ಪಕ್ಕದ ಲೈನಿನೋನು, ಎಷ್ಟು ದಿನದ ಸ್ನೇಹ, ಈಗ ಮಾರ್ಕೆಟ್ಟಲ್ಲಿ ಸಿಕ್ಕಿದ್ರೆ ಮುಖ ತಿರುಗಿಸ್ಕೊಂಡು ಓಗ್ತಾನೆ, ಏನಂದ್ನೋ ನಾನು ಅವನ್ಗೆ — ಕಾಫಿ ಕುಡೀತೀಯಾ, ಹಾಲಿದೆ — ಬೇಡ ಸಾರ್. ಬುಧವಾರದ್ದು ಮಾತ್ರ ಅಂಗಲ್ಲಮ್ಮ, ಅದಕ್ಕೇ ನಿನ್ನ ಕರ್ಸಿದ್ದು, ಅನ್ನುತ್ತಾರೆ, ನನ್ನ ಮಗಳು ಅಕ್ಷರಾ ಹೆಸರು ಬಂದಿತ್ತು. ಗೋಡೆಯ ಮೇಲಿನ ಫೋಟೋದಲ್ಲಿ ಎರಡು ಜಡೆಯ ಹುಡುಗಿ, ಪಕ್ಕದಲ್ಲಿ ಹಾರ ಹಾಕಿದ ಅವರ ಹೆಂಡತಿ ಕಾಂತಮ್ಮನವರು. ಒಂಬತ್ತು ವರ್ಷದ ಹಿಂದೆ ಆ ಹುಡುಗಿ ತಾನು ಒಪ್ಪಿದವನ ಜೊತೆ ಹೋದಳಂತೆ, ಎಂಟು ದಿನಕ್ಕೆ ತಿರುಗಿ ಬಂದು ಇದೇ ಬಾಗಿಲು ಬಡಿದಳಂತೆ, ತೆಗೀಬ್ಯಾಡ ಅಂತ ಕಾಂತಮ್ಮಂಗೆ ಏಳಿದ್ದು ನಾನೇ ಕಣಮ್ಮ, ಅವ್ಳು ಬಡೀತಾ ಇದ್ಲು, ಇವ್ಳು ಒಳ್ಗೆ ಚಿಲಕ ಇಡ್ಕೊಂಡು ಅಳ್ತಾ ಇದ್ಲು, ನಾನು ರೇಡಿಯೋ ಜೋರು ಮಾಡ್ದೆ. ಇದನ್ನು ಯಾಕೆ ನನಗೆ ಹೇಳುತ್ತಿದ್ದೀರಿ ಸಾರ್, ನಾನು ಮೆನು ಸರಿಮಾಡಲು ಬಂದವಳು. ಲೈನಿನೋರು ಅಂದಿದ್ದೆಲ್ಲ ನೆಪ, ಎಲ್ಲಾದ್ರೂ ಇದ್ಕೊಂಡು ಅವ್ಳು ನೋಡ್ಲಿ ಅಂತ ಮಾಡ್ಸಿದ್ದು, ನೋಡ್ಬಿಟ್ಲು ಕಣಮ್ಮ, ಬರ್ದೇಬಿಟ್ಲು. ಮೇಲೆ ಕಂಡ ಸಾಲನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅಪ್ಪಾ, ನಾನು ಅಕ್ಷರಾ, ಈ ಸಲ ಬಾಗಿಲು ತೆಗೀತೀನಿ ಅಂತ ಒಂದು ಮಾತು ಬರೆದರೆ ಸಾಕು, ನಾನು — ಅಲ್ಲಿಗೆ ಚುಕ್ಕಿ ಚುಕ್ಕಿ, ಆ ಚುಕ್ಕಿಗಳೂ ನನ್ನವೇ, ಸಾಲು ಉದ್ದವಾದರೆ ಚೆನ್ನಾಗಿ ಕಾಣದು ಅಂತ ಕತ್ತರಿಸಿದ್ದೆ. ಅದರ ಕೆಳಗೇ ಕೆಂಪಗೆ ಬರ್ದಿತ್ತಲ್ಲಮ್ಮ, ತೆಗೆ ಅಂತ. ತೆಗ್ದೆ. ನೋಡಿದ್ ತಕ್ಷಣ ತೆಗ್ದೆ, ಒಂದು ಗಳಿಗೆ ತಡ ಮಾಡ್ಲಿಲ್ಲ.

ತಾಳು, ತಾಳು, ಎಲ್ಲೋ ಒಂದು ಪ್ರತಿ ಇರಬೇಕು, ವಾರಕ್ಕೊಮ್ಮೆ ಸೈಟು ಉಳಿಸಿಕೊಳ್ಳುವ ಪ್ರತಿ, ಕಳೆದ ಭಾನುವಾರದ್ದು, ಅದರಲ್ಲಿ ಬುಧವಾರದ್ದು ಎಲ್ಲಿಂದ ಬರಬೇಕು, ಇಲ್ಲ, ಪತ್ರ ಬಂದಾಗ ನನಗೆ ಬರುತ್ತಿದ್ದ ಸೂಚನೆಯನ್ನು ಕಿರಿಕಿರಿ ಅಂತ ನಾನೇ ನಿಲ್ಲಿಸಿದ್ದೆ, ಇಲ್ಲ, ಬಾಗಿಲಿನಿಂದ ಗಾಳಿ ಧೂಳು ತಂದು ಕೀಬೋರ್ಡಿನ ಮೇಲೆ ಹಾಕುತ್ತಿದೆ, ಬಾಗಿಲು ಹಾಕಲಾ ಸಾರ್, ಬ್ಯಾಡಮ್ಮ, ಬುಧವಾರದಿಂದ ಅದನ್ನ ಆಕಿಲ್ಲ, ಬತ್ತಾಳೇನೋ. ವಿಳಾಸ, ಅವಳ ಇಮೇಲ್ ವಿಳಾಸ ಸಿಕ್ಕರೆ ಸಾಕು, ಸೈಟಿನಿಂದ ಹೊರಗೆ ಹೋದ ಮೇಲ್‌ಗಳ ಪೆಟ್ಟಿಗೆಯಲ್ಲಿ — ಹೊರಗೆ ಹೋದ ಮೇಲ್. ಯಾವ ಮೇಲ್. ಜಮೀನು ಮಾರೋರು, ಲೋನ್ ಕೊಡೋರ ಕಾಟ ತಪ್ಪಿಸಮ್ಮ ಅಂತ ಇವರು ಹೇಳಿದ್ದು ಹೌದು, ತೆಗೆದುಹಾಕಿದ ಪ್ರತಿ ಪತ್ರಕ್ಕೂ ತಾನಾಗಿ ಒಂದು ಉತ್ತರ ಹೋಗುವ ಹಾಗೆ ನಾನು ಮಾಡಿದ್ದು ಹೌದು, ಬಿಗಿಯಾಗಿ ಬರೀ, ಮತ್ತೆ ತಲೆ ಹಾಕಬಾರದು ಅಂತ ರವಿಕಿರಣ್ ಸಾರ್ ಹೇಳಿಕೊಟ್ಟದ್ದೂ ಹೌದು. ಮೊಬೈಲಿನಲ್ಲಿ ಆ ಪೆಟ್ಟಿಗೆ ನೋಡುತ್ತೇನೆ, ನಲವತ್ತೊಂದು, ಪೆರುಮಾಳ್‌ಗೆ ಒಂದು, ಈಗಷ್ಟೇ ಕದಿರಪ್ಪನಿಗೆ ಒಂದು, ಅದರ ಕೆಳಗೆ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅಕ್ಷರಾಗೆ ಒಂದು. ವಿಳಾಸ ಸಿಕ್ಕಿತು, ದೇವರೇ, ಸಿಕ್ಕಿತು, ಮತ್ತು ಅದರಲ್ಲಿ ನಾನು ಬರೆದ ಸಾಲು, ನಿಮ್ಮ ಪತ್ರ ನನಗೆ ಬೇಡ, ದಯವಿಟ್ಟು ಇನ್ನು ಮುಂದೆ ಬರೆಯಬೇಡಿ, ಇಂತಿ ಸುಬ್ಬರಾಯಪ್ಪ. ಮೂರು ದಿನವಾಯಿತು ಅವಳು ಇದನ್ನು ಓದಿ. ಸಿಕ್ಕತಾ ಅಮ್ಮ, ಅನ್ನುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ, ಏನ್ ಬರ್ದವ್ಳೆ, ಓದಮ್ಮ, ನಾನೂ ಬರೀತೀನಿ, ತೆಗ್ದಿದೀನಿ ಬಾರೇ ಅಂತ. ನಾನು ಬಾಯಿ ತೆಗೆಯಬೇಕು, ಈಗಲೇ ತೆಗೆಯಬೇಕು, ಸಾರ್, ನೀವು ಒತ್ತಿದ್ದು, ಸಾರ್, ಅದು, ಪರದೆಗೆ ಯಾರದೋ ಹೊಸ ಪತ್ರ ಬಂದಿದೆ, ಆ ಬೆರಳು ಮತ್ತೆ ಮೌಸಿನ ಹತ್ತಿರ ಬರುತ್ತಿದೆ, ಸೀಳಿದ ಉಗುರು, ಸೀಳಿನಲ್ಲಿ ಬಿಳಿ ಧೂಳು, ಆ ಬೆರಳು, ಅದರ ಕೆಳಗೆ ಕೆಂಪಗೆ, ತೆಗೆ