ಏಣಿ ಹತ್ತದ ದಾರ್ಶನಿಕ

ನಮ್ಮ ಕಂಪನಿಯ ಯಜಮಾನರಾದ ದಯಾನಂದ್ ಅವರಿಗೆ ಏಣಿ ಎಂದರೆ ಭಯ. ಇದನ್ನು ಅವರು ಯಾರಿಗೂ ಹೇಳಿಲ್ಲ, ಆದರೆ ತಿಪಟೂರಿನ ಆಫೀಸಿನಲ್ಲಿ ಕೆಲಸ ಮಾಡುವ ನಮಗೆಲ್ಲ ಗೊತ್ತು. ತೆಂಗಿನಕಾಯಿ ಒಣಗಿ ಕೊಬ್ಬರಿ ಆಗುವುದು ಅಟ್ಟದ ಮೇಲೆ. ಕೊಬ್ಬರಿ ಯಾವಾಗ ಆಗುತ್ತದೆಂದು ಮೊಬೈಲಿನಲ್ಲಿ ತಿಳಿಸುವ ಕಂಪನಿ ಕಟ್ಟಿದ ಮನುಷ್ಯ ಒಂದು ಸಲವೂ ಅಟ್ಟ ಹತ್ತಿ ನೋಡಿಲ್ಲ. ಧೂಳಿನ ಅಲರ್ಜಿ ಅನ್ನುತ್ತಾರೆ.

ಅವರ ತಂದೆ ವೀರಭದ್ರಯ್ಯನವರು ಮಂಡಿಯಲ್ಲಿ ಚಾಪೆಯ ಮೇಲೆ ಕೂತು ಕೊಬ್ಬರಿ ಮಾರಿದರು. ಮಗ ಗಾಜಿನ ಕೋಣೆಯಲ್ಲಿ ಕೂತು ಭವಿಷ್ಯ ಮಾರುತ್ತಾರೆ. ತಮ್ಮ ಬಗ್ಗೆ ಹೇಳಿಕೊಳ್ಳುವಾಗ ‘ದಾರ್ಶನಿಕ’ ಎಂಬ ಪದ ಅವರ ಬಾಯಲ್ಲಿ ದಿನಕ್ಕೆಷ್ಟು ಸಲ ಬರುತ್ತದೋ. ನಾನು ಸಂಜೆ ಕಾಲೇಜಿನಲ್ಲಿ ಓದಿದವನು. ತಪ್ಪು ತಿಳಿದುಕೊಂಡಿರಬಾರದೆಂದು ನಿಘಂಟಿನಲ್ಲಿ ಎರಡು ಸಲ ನೋಡಿದೆ. ಅಲ್ಲಿ ಕೊಟ್ಟಿದ್ದ ಯಾವ ಅರ್ಥವೂ ಅವರಿಗೆ ಹೊಂದಲಿಲ್ಲ. ಆದರೂ ನನ್ನ ಓದೇ ಸಾಲದೇನೋ ಎಂದು ಬಹಳ ದಿನ ಅಂದುಕೊಂಡಿದ್ದೆ.

ಬಿಳಿಗೆರೆಯಲ್ಲಿ ನನ್ನ ಸೋದರತ್ತೆ ಹುಚ್ಚಕ್ಕನ ತೋಟವಿದೆ. ಅವಳ ಕಾಯಿಮನೆಯ ಅಟ್ಟಕ್ಕೆ ಕಾಯಿಯ ತೇವ ಅಳೆಯುವ ನಮ್ಮ ಕಂಪನಿಯ ಬಿಳಿ ಡಬ್ಬಿಗಳನ್ನು ಕಟ್ಟಲು ಒಪ್ಪಿಸಿದವನು ನಾನೇ. ಒಪ್ಪುವಾಗ ಅತ್ತೆ ಒಂದೇ ಮಾತು ಹೇಳಿದ್ದಳು.

“ಡಬ್ಬಿನಾರ ಕಟ್ಕೊಳ್ಳಿ, ಗಂಟೆನಾರ ಕಟ್ಕೊಳ್ಳಿ. ಕಾಯಿಗೆ ಮಾತ್ರ ಯಾವನೂ ಕೈ ಹಾಕ್ಬಾರ್ದು ಕಣ್ಲಾ ಶಿವ್ರಾಜ. ನಿನ್ನ ಮೊಕ ನೋಡ್ಕೊಂಡು ಬುಟ್ಟಿವ್ನಿ.”

ನಾನು ಮಾತು ಕೊಟ್ಟೆ.

ಅಟ್ಟಕ್ಕೆ ಹಾಕಿದ ಕಾಯಿ ವರ್ಷದ ಹತ್ತಿರ ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಅನ್ನಬೇಕು. ಅದಕ್ಕೆ ಮೊದಲೇ ಎತ್ತಿ ಕುಕ್ಕಿದರೆ ತಿರುಳು ಬಿರಿದು ಬೂಷ್ಟು ಹಿಡಿಯುತ್ತದೆ. ಒಂದು ಸಲದ ಕಾಯಿಗೆ ಇನ್ನೊಂದು ಸಲದ್ದನ್ನು ಬೆರೆಸುವುದಂತೂ ನಮ್ಮ ಕಡೆ ಯಾರೂ ಮಾಡುವುದಿಲ್ಲ. ಬೆರೆತರೆ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಗೊತ್ತಾಗದೆ ಇಡೀ ಅಟ್ಟವನ್ನೇ ಅಲುಗಿಸಿ ನೋಡಬೇಕು. ಹಾಗೆ ಅಲುಗಿಸಿದರೆ ಆಗದ್ದೂ ಕೆಟ್ಟಿತು.

ಆಷಾಢದಲ್ಲಿ, ಯಜಮಾನರು ಅರ್ಜಿ ಹಾಕಿದ್ದ ‘ದಾರ್ಶನಿಕ ಉದ್ಯಮಿ’ ಪ್ರಶಸ್ತಿಯ ತೀರ್ಪುಗಾರರು ಅತ್ತೆಯ ಅಟ್ಟ ನೋಡಲು ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನ ಯಜಮಾನರು ನನ್ನನ್ನು ಕರೆದರು.

“ಶಿವರಾಜು, ಅವರು ಕಾಯಿ ಕೈಗೆತ್ತಿಕೊಂಡರೆ ಗಡಗಡ ಅನ್ನಬೇಕು.”

“ಇನ್ನೂ ಮೂರು ನಾಲ್ಕು ತಿಂಗಳು ಬೇಕು ಸರ್. ನಮ್ಮ ಆಪ್‌ನಲ್ಲೂ ಹಂಗೇ ತೋರಿಸ್ತಿದೆ.”

“ಆಪ್ ಏನಾದ್ರೂ ತೋರಿಸ್ಲಿ. ಹುಳಿಯಾರಿಂದ ಆಗಿರೋ ಕಾಯಿ ಎರಡು ಮೂಟೆ ತರ್ಸಿದೀನಿ. ಬೆಳಿಗ್ಗೆ ಹೋಗಿ ಅಟ್ಟದ ಮೇಲೆ ಹರಡಿಬಿಡು.”

“ಅತ್ತೆ ಕಾಯಿ ಬೆರೆತುಹೋಗುತ್ತೆ ಸರ್. ಕೆಟ್ಟೋಗುತ್ತೆ.”

ಅವರು ಮರುಕದಿಂದ ನನ್ನನ್ನು ನೋಡಿದರು. “ನೋಡು, ನೀನು ಕಾಯಿ ನೋಡ್ತೀಯ. ನಾನು ಇಡೀ ತೋಟ ನೋಡ್ತೀನಿ. ಅದಕ್ಕೇ ನೀನು ಅಲ್ಲಿದೀಯ, ನಾನು ಇಲ್ಲಿದೀನಿ.”

ಅವರು ನೋಡುತ್ತೇನೆಂದ ತೋಟದಲ್ಲಿ ಒಂದು ಗಿಡವನ್ನೂ ಅವರು ನೆಟ್ಟಿರಲಿಲ್ಲ.

ತೀರ್ಪುಗಾರರು ಬರುವ ದಿನವೇ ಅತ್ತೆ ತುರುವೇಕೆರೆಗೆ ನೆಂಟರ ಮನೆಯ ನಾಮಕರಣಕ್ಕೆ ಹೋಗಬೇಕಿತ್ತು. ಹೊರಡುವಾಗ ಕಾಯಿಮನೆಯ ಬೀಗದಕೈಯನ್ನು ನನ್ನ ಕೈಗೇ ಕೊಟ್ಟಳು. ಅವಳಿಗೆ ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಅವಳ ವರ್ಷದ ಕಾಯಿ ಹೋಗುತ್ತದೆ. ಬೀಗ ತೆಗೆದು ಒಳಗೆ ಹೋದೆ. ಕೊನೆಗೆ ಅಟ್ಟದ ಏಣಿಯನ್ನು ಹೆಗಲಿಗೇರಿಸಿಕೊಂಡು ಹೋಗಿ ಪಕ್ಕದ ಕೆಂಪಯ್ಯನವರ ಹಿತ್ತಲಲ್ಲಿ ತೆಂಗಿನ ಸೋಗೆಯ ಕೆಳಗೆ ಮಲಗಿಸಿದೆ. ಅರ್ಧ ದಾರಿಯಿಂದ ವಾಪಸು ಹೋಗಿ, ತುದಿ ಕಾಣುತ್ತಿದೆಯೇನೋ ಎಂದು ಇನ್ನೊಂದು ಸೋಗೆ ಎಳೆದು ಮುಚ್ಚಿದೆ.

ಮೂಟೆಗಳನ್ನು ತಂದ ಡ್ರೈವರ್ ಗಂಗಾಧರ್ ಅಟ್ಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

“ಏಣಿ ಎಲ್ಲಣ್ಣ?”

“ಇಲ್ಲ.”

“ಮತ್ತೆ ಹತ್ತಕ್ಕೆ ನಾನೇನು ಕೋತಿನಾ? ಹೋಗ್ಲಿ ಬುಡು,” ಎಂದು ಗಾಡಿಯಲ್ಲಿ ಹೋಗಿ ಮಲಗಿದ.

ಮೂವರು ತೀರ್ಪುಗಾರರ ಜೊತೆ ಯಜಮಾನರು ಬಂದರು. ಬಿಳಿ ಅಂಗಿ, ಬಿಳಿ ಬೂಟು. ಕಾಯಿಮನೆಗೆ ಕಾಲಿಡುತ್ತಲೇ ಅವರ ಕಣ್ಣು ಏಣಿಯನ್ನು ಹುಡುಕಿತು.

“ಏಣಿ ಎಲ್ಲಿ?”

“ಯಾರೋ ತಗೊಂಡು ಹೋಗಿದಾರೆ ಸರ್.”

ಈಗ ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದೆ. ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ಆ ಮುಖದಲ್ಲಿ ಶಾಲೆಗೆ ರಜೆ ಸಿಕ್ಕ ಹುಡುಗನ ಸಂತೋಷವಿತ್ತು. ಹತ್ತಬೇಕಾಗಿಲ್ಲವಲ್ಲ!

ತೀರ್ಪುಗಾರರ ಕಡೆ ತಿರುಗಿ ಎರಡೂ ಕೈಗಳನ್ನು ಅಗಲಿಸಿದರು. “ನೀವು ಏನೋ ಒಂದು ಇಲ್ಲದ್ದನ್ನು ಗಮನಿಸಿರಬಹುದು. ಏಣಿ. ಇಲ್ಲಿಂದ ನಾನೇ ತೆಗೆಸಿದ್ದೇನೆ. ನಮ್ಮ ಅಜ್ಜ ಅಟ್ಟ ಹತ್ತಿ ನೋಡಿದರು, ಅಪ್ಪ ಹತ್ತಿಸಿ ನೋಡಿದರು. ಹತ್ತದೆ ನೋಡುವವನೇ ದಾರ್ಶನಿಕ.”

ಕನ್ನಡಕದ ತೀರ್ಪುಗಾರರೊಬ್ಬರು, “ಅದ್ಭುತ, ಅದ್ಭುತ” ಎಂದು ಬರೆದುಕೊಂಡರು. ಮೂವರೂ ಕತ್ತೆತ್ತಿ ಅಟ್ಟದ ತಳವನ್ನು ದೇವರನ್ನು ನೋಡುವ ಹಾಗೆ ನೋಡಿದರು. ಅಲ್ಲಿ ಅಡಿಕೆ ಮರದ ಸೀಳು ದಬ್ಬೆ ಮತ್ತು ಜೇಡರ ಬಲೆಯ ಹೊರತು ಏನೂ ಕಾಣುತ್ತಿರಲಿಲ್ಲ. ಒಂದು ಕಾಯಿಯನ್ನು ಮುಟ್ಟಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಎಳನೀರು ಕುಡಿದು ಹೊರಟುಹೋದರು.

ನನ್ನ ಓದಿನ ಬಗ್ಗೆ ಇದ್ದ ಅನುಮಾನ ಅವತ್ತು ಸ್ವಲ್ಪ ಕಡಿಮೆಯಾಯಿತು.

ಸಂಜೆ ಅತ್ತೆ ಬಂದಳು. ನಾನು ಏಣಿ ಹೊತ್ತು ತರುವುದನ್ನು ನೋಡಿ ಸೊಂಟಕ್ಕೆ ಕೈ ಇಟ್ಟು ನಿಂತಳು. ನಡೆದದ್ದನ್ನೆಲ್ಲ ಹೇಳಿದೆ.

“ನಿಮ್ ಯಜಮಾನ ಏಣಿ ಇದ್ರೂ ಹತ್ತಾನೆ ಅಂತ ಅಂದ್ಕಂಡಿದ್ದೇನ್ಲಾ?” ಎಂದಳು. ಆಮೇಲೆ ಹತ್ತಿ ಹೋಗಿ, ಕಾಯಿಗಳನ್ನು ಕಣ್ಣಲ್ಲೇ ನೋಡಿ ಇಳಿದು ಬಂದು, ಬೀಗದಕೈಯನ್ನು ಮತ್ತೆ ನನ್ನ ಜೇಬಿಗೇ ಹಾಕಿದಳು.

ಪ್ರಶಸ್ತಿ ಬಂತು. ಯಜಮಾನರು ಕತ್ತೆತ್ತಿ ನಿಂತಿರುವ ಫೋಟೊ ಆಫೀಸಿನ ಗೋಡೆಗೆ ಏರಿತು. ‘ತಂತ್ರಜ್ಞಾನದ ನಾಯಕ ದಾರ್ಶನಿಕನಾಗುವುದು ಹೇಗೆ’ ಎಂದು ಅವರ ಹೆಸರಿನಲ್ಲಿ ಪತ್ರಿಕೆಗೆ ಲೇಖನ ಬರೆಯುವ ಕೆಲಸ ನನಗೆ ಬಿತ್ತು. ಪ್ರಾಮಾಣಿಕವಾಗಿಯೇ ಪ್ರಯತ್ನಪಟ್ಟೆ. ಮೊದಲ ವಾಕ್ಯ ದಾಟಲಿಲ್ಲ.

ದೀಪಾವಳಿ ಕಳೆದ ಮೇಲೆ ಅತ್ತೆಯ ಮನೆಯಲ್ಲಿ ಕೊಬ್ಬರಿ ಸುಲಿಯಲು ಶುರುವಾಯಿತು. ಅಟ್ಟದ ಮೇಲಿಂದ ಕಾಯಿ ಇಳಿಸಿಕೊಡುತ್ತಿದ್ದವನು ನಾನು. ಕೈಗೆತ್ತಿದ್ದೆಲ್ಲ ಗಡಗಡ ಅನ್ನುತ್ತಿತ್ತು. ಅಂಗಳದಲ್ಲಿ ಉಂಡೆ ಉಂಡೆ ಕೊಬ್ಬರಿ ರಾಶಿ ಬೀಳುತ್ತಿತ್ತು. ಆಗ ಯಜಮಾನರು ಕ್ಯಾಮೆರಾದವನನ್ನು ಕರೆದುಕೊಂಡು ಬಂದರು. ಆಪ್‌ನ ಯಶಸ್ಸಿನ ಚಿತ್ರೀಕರಣವಂತೆ. ಕ್ಯಾಮೆರಾದವನಿಗೆ ದಾರ್ಶನಿಕರ ವಿಷಯ ಗೊತ್ತಿರಲಿಲ್ಲ.

“ಸರ್, ಏಣಿ ಮೇಲೆ ನಿಂತ್ಕೊಳ್ಳಿ, ಚೆನ್ನಾಗಿ ಬರುತ್ತೆ,” ಎಂದ.

ಸುಲಿಯುವವರೆಲ್ಲ ನೋಡುತ್ತಿದ್ದರು. ಇಲ್ಲ ಅನ್ನಲು ಅವರಿಂದ ಆಗಲಿಲ್ಲ. ಎರಡು ಮೆಟ್ಟಿಲು ಹತ್ತಿದರು. ಮೂರನೆಯದರ ಮೇಲೆ ಕಾಲಿಟ್ಟವರು ಕಣ್ಣು ಮುಚ್ಚಿ ಏಣಿಯನ್ನು ತಬ್ಬಿಕೊಂಡರು. ಬಿಳಿ ಬೂಟು ಗಡಗಡ ನಡುಗುತ್ತಿತ್ತು.

“ಇಳಿಯಪ್ಪ, ಇಳಿ. ಹಿಡ್ಕಂಡಿವ್ನಿ ಬಾ,” ಎಂದು ಅತ್ತೆ ಏಣಿಯ ಬುಡ ಹಿಡಿದುಕೊಂಡಳು.

ಅವರಿಗೆ ಏನಾದರೊಂದು ಮಾತಾಡಬೇಕಿತ್ತು. ಕಣ್ಣು ಮುಚ್ಚಿಕೊಂಡೇ, “ಶಿವರಾಜು, ಆ ಲೇಖನ ಎಲ್ಲಿಗೆ ಬಂತು?” ಎಂದರು.

ನಾನು ಅಟ್ಟದ ಅಂಚಿನಲ್ಲಿ ಕೂತು ಅವರ ನೆತ್ತಿ ನೋಡುತ್ತಿದ್ದೆ.

“ಇನ್ನೊಂದು ಮೆಟ್ಟಿಲು ಹತ್ತಿ ಸರ್,” ಎಂದೆ. “ಆಮೇಲೆ ಬರೀತೀನಿ.”