ಅಲುಗಬಾರದೆಂದು ಬಿಗಿದದ್ದು

ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಥೆಲ್ಮಾ ತನ್ನ ದೂರದರ್ಶಕದ ಕನ್ನಡಿಯನ್ನು ಹತ್ತಿಯಿಂದ ಮೆಲ್ಲಗೆ ತೊಳೆಯುತ್ತಿದ್ದಳು. ಎರಡು ಚಳಿಗಾಲ ಪೀಪಾಯಿಯ ಮೇಲೆ ಗಾಜಿಟ್ಟು, ಸುತ್ತ ಸುತ್ತುತ್ತ ಅದನ್ನು ಕೈಯಾರೆ ಉಜ್ಜಿ ಕನ್ನಡಿಯಾಗಿಸಿದವಳು ಗೆಳತಿ ಎನಿಡ್. ಕೊಳವೆಯೊಳಗೆ ಕೂರಿಸಿದವಳು ಥೆಲ್ಮಾ. ಅಲುಗಬಾರದೆಂದು ಕನ್ನಡಿಯ ಅಂಚನ್ನು ಹಿಡಿದಿಡುವ ಮೂರು ಹಿಡಿಕೆಗಳ ಸ್ಕ್ರೂಗಳನ್ನೂ ಬಿಗಿದಿದ್ದಳು. ನಕ್ಷತ್ರಗಳು ಮೂರು ಮೂಲೆಯಾಗಿ ಕಂಡಾಗ ಬೆಂಡಿಗೋ ಊರಿನ ಖಗೋಳ ಕ್ಲಬ್ಬಿನವರೆಲ್ಲರ ಮುಂದೆ, "ನೀನು ಉಜ್ಜಿದ್ದೇ ಸೊಟ್ಟ ಕಣೇ," ಎಂದುಬಿಟ್ಟಿದ್ದಳು. ಕನ್ನಡಿಯನ್ನು ಅಲ್ಲೇ ಬಿಟ್ಟು ಹೋದ ಎನಿಡ್ ಹನ್ನೊಂದು ವರ್ಷವಾದರೂ ಮತ್ತೆ ಗಾಜು ಮುಟ್ಟಿರಲಿಲ್ಲ.

ಹೋದ ವರ್ಷ ತೊಳೆದು ಕೂರಿಸುವಾಗ ಥೆಲ್ಮಾಳ ನೋಯುವ ಬೆರಳುಗಳಿಗೆ ಬಿಗಿಯಲು ಆಗಲಿಲ್ಲ. ಅಂದು ಪರೀಕ್ಷೆಗೆಂದು ದೂರದರ್ಶಕದಲ್ಲಿ ನೋಡಿದಾಗ ದೂರದ ವಿದ್ಯುತ್ ಕಂಬದ ಪಿಂಗಾಣಿ ಬಿಲ್ಲೆಯ ಮೇಲಿನ ಬಿಸಿಲಿನ ಚುಕ್ಕೆ ದುಂಡಗೆ ಕಂಡಿತು. ಇಷ್ಟು ವರ್ಷ ಬಿಗಿದ ಹಿಡಿಕೆಗಳು ಅದುಮಿದ್ದರಿಂದ ಗಾಜು ಬಾಗಿತ್ತು, ಅಷ್ಟೇ. ಅಂದೇ ತಪ್ಪೊಪ್ಪಿಕೊಂಡು ಎನಿಡ್‌ಗೆ ಬರೆದ ಪತ್ರ ಇನ್ನೂ ಗಡಿಯಾರದ ಹಿಂದೆಯೇ ಇತ್ತು.

ಗಂಡ ಕ್ಲೆಮ್ ಟವೆಲ್ ಚಾಚಿದ. "ಶನಿವಾರ ಕ್ಲಬ್ಬಿನವರು ಇದನ್ನ ನೋಡೋಕೆ ಬರ್ತಾರಲ್ಲ, ಕನ್ನಡಿ ಯಾರ ಕೆಲ್ಸ ಅಂತೀಯ?"

"ಅವಳಿಗೆ ಪತ್ರ ಹಾಕ್ತೀನಿ, ಬಿಡು ಮಾರಾಯ."

"ಬೈದದ್ದು ಊರೆದುರಿಗೆ, ತಪ್ಪಾಯ್ತು ಅನ್ನೋದು ಕಿವೀಲಿ! ಚೆನ್ನಾಗಿದೆ ಕಣೇ ನಿನ್ನ ನ್ಯಾಯ."

ಥೆಲ್ಮಾ ಕೈ ಒರೆಸಿಕೊಂಡಳು. ಹಿಡಿಕೆಗೂ ಕನ್ನಡಿಗೂ ನಡುವೆ ತೆಳು ಹಾಳೆಯೊಂದು ಸರಿದಾಡುವಷ್ಟು ಸಡಿಲ ಬಿಟ್ಟು ಕೂರಿಸಿದಳು. ಆಮೇಲೆ ಆ ಪತ್ರದ ಇನ್ನೊಂದು ಪ್ರತಿ ಬರೆದು ಕ್ಲಬ್ಬಿನ ಪತ್ರಿಕೆಯ ವಿಳಾಸ ಹಾಕಿದಳು: "ಕನ್ನಡಿ ಸರಿಯಾಗಿಯೇ ಇತ್ತು. ಕೆಡಿಸಿದವಳು ನಾನು."

ಎನಿಡ್‌ಳ ಹನ್ನೊಂದು ವರ್ಷವನ್ನು ಯಾವ ಅಂಚೆಯೂ ಹಿಂದಕ್ಕೆ ತಂದುಕೊಡದೆಂದು ಗೊತ್ತಿದ್ದೂ, ಎರಡನ್ನೂ ಅಂಚೆ ಡಬ್ಬಕ್ಕೆ ಹಾಕಿದಳು.